ಸಕ್ಕರೆಯ ಲೆಕ್ಕ: ಗುಲಾಮಗಿರಿ ವಿರುದ್ಧದ ಚಳವಳಿ ಇವತ್ತಿನ ಹೋರಾಟಗಾರರಿಗೆ ಏನು ಹೇಳುತ್ತದೆ?

ವಾರಕ್ಕೆ 5 ಪೌಂಡ್, ಅಂದರೆ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ ಸಕ್ಕರೆ ಬಳಸುವ ಒಂದು ಮನೆ. ಆ ಮನೆಯವರು 21 ತಿಂಗಳು ಸಕ್ಕರೆಯನ್ನೂ ಅದರ ಜೊತೆ ರಮ್ಮನ್ನೂ ಬಿಟ್ಟರೆ, ಒಬ್ಬ ಮನುಷ್ಯ ಗುಲಾಮನಾಗುವುದೋ ಕೊಲೆಯಾಗುವುದೋ ತಪ್ಪುತ್ತದೆ.

ಇದು 1791ರಲ್ಲಿ ಬ್ರಿಟನ್ನಿನಲ್ಲಿ ವಿಲಿಯಂ ಫಾಕ್ಸ್ ಎಂಬಾತ ಅಚ್ಚು ಹಾಕಿಸಿದ ಒಂದು ಕರಪತ್ರದ ಲೆಕ್ಕ. ಲೆಕ್ಕ ಎಷ್ಟು ಕರಾರುವಾಕ್ಕು ಅನ್ನುವುದು ಬೇರೆ ಮಾತು. ಆದರೆ ಅದು ಮಾಡಿದ ಕೆಲಸ ನೋಡಿ. ಸಾವಿರಾರು ಮೈಲಿ ದೂರದ ವೆಸ್ಟ್ ಇಂಡೀಸಿನ ಕಬ್ಬಿನ ಗದ್ದೆಯನ್ನು ತಂದು ಅಡುಗೆಮನೆಯ ಸಕ್ಕರೆ ಡಬ್ಬಿಯಲ್ಲಿ ಇಟ್ಟಿತು. ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟರು ಎಂದು ಚಳವಳಿಯ ಮುಂದಾಳು ಥಾಮಸ್ ಕ್ಲಾರ್ಕ್‌ಸನ್ ಅಂದಾಜು ಮಾಡಿದ್ದ. ಅವರಲ್ಲಿ ಎಷ್ಟೋ ಮಂದಿಗೆ ಓಟು ಇರಲಿಲ್ಲ. ಹೆಂಗಸರಿಗಂತೂ ಇರಲೇ ಇಲ್ಲ. ಮ್ಯಾಂಚೆಸ್ಟರ್‌ನಂಥ ದೊಡ್ಡ ಊರಿಗೆ ಪಾರ್ಲಿಮೆಂಟಿನಲ್ಲಿ ತನ್ನದೇ ಆದ ಒಬ್ಬ ಸದಸ್ಯನೂ ಇರಲಿಲ್ಲ.

ಈ ಚಳವಳಿಯ ಬಗ್ಗೆ ಸಾಮಾನ್ಯವಾಗಿ ಕೇಳುವ ಕಥೆ ಹೀಗಿರುತ್ತದೆ: ವಿಲಿಯಂ ವಿಲ್ಬರ್‌ಫೋರ್ಸ್ ಎಂಬ ಒಳ್ಳೆಯ ಮನುಷ್ಯ ಪಾರ್ಲಿಮೆಂಟಿನಲ್ಲಿ ಮನ ಕಲಕುವ ಭಾಷಣ ಮಾಡಿದ, ದೇಶದ ಆತ್ಮಸಾಕ್ಷಿ ಎಚ್ಚೆತ್ತಿತು, ಗುಲಾಮಗಿರಿ ಹೋಯಿತು. ನನಗೆ ಈ ಕಥೆ ಅರ್ಧ ಸುಳ್ಳು ಅನ್ನಿಸುತ್ತದೆ. ಭಾಷಣಗಳೇನೋ ಇದ್ದವು. ಆದರೆ ಚಳವಳಿಯನ್ನು ಎತ್ತಿ ನಿಲ್ಲಿಸಿದ್ದು ಲೆಕ್ಕ. ಹಡಗಿನ ಹಾಜರಿ ಪುಸ್ತಕದ ಲೆಕ್ಕ, ಸಹಿಗಳ ಲೆಕ್ಕ, ವಂತಿಗೆಯ ಲೆಕ್ಕ. ಕೊನೆಗೆ ಅದು ಎಡವಿದ್ದೂ ಒಂದು ಲೆಕ್ಕದಲ್ಲೇ.

ಶುರುವಾದದ್ದು 1787ರ ಮೇ 22ರಂದು, ಲಂಡನ್ನಿನ ಜಾರ್ಜ್ ಯಾರ್ಡ್‌ನ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ. ಸೇರಿದ್ದವರು 12 ಮಂದಿ. ಅವರಲ್ಲಿ 9 ಜನ ಕ್ವೇಕರ್ ಪಂಥದ ಕ್ರೈಸ್ತರು. ಚಿಕ್ಕ ಪಂಥ, ಪಾರ್ಲಿಮೆಂಟಿಗೆ ಹೋಗುವ ಅವಕಾಶವೇ ಇಲ್ಲದವರು. ಆದರೆ ಬಹಳಷ್ಟು ಮಂದಿ ವ್ಯಾಪಾರಸ್ಥರು. ನಡಾವಳಿ ಬರೆಯುವುದು, ರಸೀದಿ ಇಡುವುದು, ಊರೂರಿಗೆ ಪತ್ರ ಹಾಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಎದುರಿಗೆ ಇದ್ದದ್ದು ಎಂಥ ಬೆಟ್ಟ ಗೊತ್ತಾ? ಆ ಹೊತ್ತಿಗೆ ಬ್ರಿಟಿಷ್ ಹಡಗುಗಳು ವರ್ಷಕ್ಕೆ ಸುಮಾರು 40 ಸಾವಿರ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟಿಸುತ್ತಿದ್ದವು. ಲಿವರ್‌ಪೂಲ್, ಬ್ರಿಸ್ಟಲ್ ಊರುಗಳ ಶ್ರೀಮಂತಿಕೆ ಅದರ ಮೇಲೆ ನಿಂತಿತ್ತು.

ಆ ಸಮಿತಿಯ ಮೊದಲ ಚರ್ಚೆಯೇ ಕಷ್ಟದ್ದು. ಏನನ್ನು ಕೇಳುವುದು? ಗುಲಾಮಗಿರಿಯನ್ನೇ ರದ್ದು ಮಾಡಿ ಅನ್ನುವುದೋ, ಅಥವಾ ಗುಲಾಮರ ವ್ಯಾಪಾರವನ್ನು ಮಾತ್ರ ನಿಲ್ಲಿಸಿ ಅನ್ನುವುದೋ? ಗ್ರ್ಯಾನ್‌ವಿಲ್ ಶಾರ್ಪ್ ಎಂಬ ಹಳೆಯ ಹೋರಾಟಗಾರ ಎರಡೂ ಪಾಪವೇ, ಎರಡನ್ನೂ ಕೇಳಬೇಕು ಅಂದ. ಉಳಿದವರು ಒಪ್ಪಲಿಲ್ಲ. ಗುಲಾಮಗಿರಿ ರದ್ದು ಅಂದರೆ ಆಸ್ತಿಗೆ ಕೈ ಹಾಕಿದ ಹಾಗೆ; ವಸಾಹತುಗಳ ಸಭೆಗಳು ಎದ್ದು ನಿಲ್ಲುತ್ತವೆ. ಹಡಗು ವ್ಯಾಪಾರವಾದರೆ ಪಾರ್ಲಿಮೆಂಟಿನ ಕೈಯಲ್ಲಿರುವ ವಿಷಯ. ಹೊಸಬರು ಬರುವುದು ನಿಂತರೆ ಮಾಲೀಕರು ಇರುವವರನ್ನಾದರೂ ಚೆನ್ನಾಗಿ ನೋಡಿಕೊಂಡಾರು, ಗುಲಾಮಗಿರಿ ತಾನಾಗಿ ಒಣಗೀತು ಅನ್ನುವುದು ಅವರ ಆಸೆ.

ನಮ್ಮಲ್ಲಿ ಧರಣಿ ಕೂತವರು ಕೊಡುವ ಮನವಿ ಪತ್ರಗಳನ್ನು ನೀವು ನೋಡಿರಬಹುದು. ಒಂದೇ ಹಾಳೆಯಲ್ಲಿ 18 ಬೇಡಿಕೆ. ಅಧಿಕಾರಿ ತಗೊಂಡು ಫೋಟೋಗೆ ನಿಂತು, ‘ಮೇಲಿನವರ ಗಮನಕ್ಕೆ ತರುತ್ತೇನೆ’ ಅಂದರೆ ಮುಗೀತು. 18ರಲ್ಲಿ ಯಾವುದಕ್ಕೆ ಹೌದು ಅಂದ, ಯಾವುದಕ್ಕೆ ಇಲ್ಲ ಅಂದ ಎಂದು ಯಾರೂ ಕೇಳುವಂತಿಲ್ಲ. ಲಂಡನ್ನಿನ ಆ 12 ಜನ ಒಂದೇ ಪ್ರಶ್ನೆ ಇಟ್ಟಿದ್ದರಿಂದ ಪ್ರತಿ ಪಾರ್ಲಿಮೆಂಟ್ ಸದಸ್ಯನೂ ಹೌದೋ ಅಲ್ಲವೋ ಎಂದು ಬಾಯಿ ಬಿಡಬೇಕಾಯಿತು. ಆದರೆ ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ವ್ಯಾಪಾರ ನಿಂತ ಮೇಲೂ ಗುಲಾಮಗಿರಿ ಒಣಗಲಿಲ್ಲ. ಇನ್ನೂ 27 ವರ್ಷ ಬದುಕಿತು. ಅಂದರೆ ಶಾರ್ಪ್ ಹೇಳಿದ್ದೂ ಸುಳ್ಳಾಗಿರಲಿಲ್ಲ. ಸಣ್ಣ ಬೇಡಿಕೆ ಇಡುವುದು ಜಾಣತನ ಸರಿ, ಆದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ನಂಬುವುದು ಬೇರೆ.

ಈಗ ಕ್ಲಾರ್ಕ್‌ಸನ್ ವಿಷಯಕ್ಕೆ ಬರೋಣ. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ ಈತ. 1785ರಲ್ಲಿ ಕೇಂಬ್ರಿಜ್‌ನಲ್ಲಿ ಒಂದು ಲ್ಯಾಟಿನ್ ಪ್ರಬಂಧ ಸ್ಪರ್ಧೆ. ಬೇರೆಯವರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಗುಲಾಮರನ್ನಾಗಿ ಮಾಡುವುದು ಸರಿಯೇ ಅನ್ನುವುದು ವಿಷಯ. ಬಹುಮಾನಕ್ಕೆಂದು ಬರೆದ, ಬಹುಮಾನ ಬಂತು. ಕುದುರೆ ಮೇಲೆ ಲಂಡನ್ನಿಗೆ ಹೋಗುವಾಗ ವೇಡ್ಸ್‌ಮಿಲ್ ಹತ್ತಿರ ಇಳಿದು ದಾರಿ ಬದಿಯಲ್ಲಿ ಕೂತುಬಿಟ್ಟ. ನಾನು ಬರೆದದ್ದು ನಿಜವಾದರೆ ಯಾರಾದರೂ ಇದನ್ನು ನಿಲ್ಲಿಸಬೇಕಲ್ಲ ಅನ್ನುವ ಯೋಚನೆ ಅವನನ್ನು ಅಲ್ಲಿಂದ ಮುಂದೆ ಬಿಡಲಿಲ್ಲ.

ಆಮೇಲೆ 7 ವರ್ಷದಲ್ಲಿ ಕುದುರೆ ಮೇಲೆ ಸುಮಾರು 35 ಸಾವಿರ ಮೈಲಿ ಸುತ್ತಿದ. ಹೋದದ್ದು ಎಲ್ಲಿಗೆ? ಬ್ರಿಸ್ಟಲ್, ಲಿವರ್‌ಪೂಲ್ ಬಂದರುಗಳಿಗೆ, ಅಂದರೆ ವೈರಿಯ ಮನೆಗೇ. ಲಿವರ್‌ಪೂಲ್‌ನ ಒಂದು ಅಂಗಡಿಯಲ್ಲಿ ಕೈಕೋಳ, ಹೆಬ್ಬೆರಳು ಹಿಂಡುವ ಸಾಧನ, ಊಟ ಬಿಟ್ಟ ಗುಲಾಮರ ಬಾಯಿ ಬಲವಂತವಾಗಿ ತೆರೆಯುವ ಇಕ್ಕಳ, ಎಲ್ಲವನ್ನೂ ದುಡ್ಡು ಕೊಟ್ಟು ಕೊಂಡ. ಆಫ್ರಿಕಾದ ಬಟ್ಟೆ, ಮಸಾಲೆ, ದಂತದ ಸಾಮಾನು ತುಂಬಿದ ಪೆಟ್ಟಿಗೆ ಒಂದನ್ನು ಸಭೆಯಿಂದ ಸಭೆಗೆ ಹೊತ್ತುಕೊಂಡು ಹೋದ. ಆ ನೆಲದೊಂದಿಗೆ ಮನುಷ್ಯರನ್ನಲ್ಲ, ಸಾಮಾನನ್ನು ಕೊಂಡು ಮಾರಿ ವ್ಯಾಪಾರ ಮಾಡಬಹುದಲ್ಲ ಎಂದು ತೋರಿಸುವುದಕ್ಕೆ.

ಆದರೆ ಅವನ ಮುಖ್ಯ ಅಸ್ತ್ರ ಹಡಗುಗಳ ಹಾಜರಿ ಪುಸ್ತಕ. ಗುಲಾಮರ ವ್ಯಾಪಾರ ನಮ್ಮ ನಾವಿಕರಿಗೆ ತರಬೇತಿ ಶಾಲೆ, ಇದು ನಿಂತರೆ ನೌಕಾಪಡೆಗೆ ಜನ ಸಿಗುವುದಿಲ್ಲ ಎಂದು ಎದುರಾಳಿಗಳು ವಾದ ಮಾಡುತ್ತಿದ್ದರು. ಕ್ಲಾರ್ಕ್‌ಸನ್ ಬಂದರು ಕಚೇರಿಗಳಲ್ಲಿ ಕೂತು ಸುಮಾರು 20 ಸಾವಿರ ನಾವಿಕರ ಗತಿ ಏನಾಯಿತೆಂದು ಪಟ್ಟಿ ಮಾಡಿದ. ಗುಲಾಮರ ಹಡಗಿನಲ್ಲಿ ಹೋದ ನಾವಿಕರಲ್ಲಿ ಸುಮಾರು ಐವರಿಗೆ ಒಬ್ಬರು ಸಾಯುತ್ತಿದ್ದರು! ಶಾಲೆ ಅಲ್ಲ, ಅದು ಸ್ಮಶಾನ ಎಂದು ಅವರದೇ ಪುಸ್ತಕದಿಂದ ತೋರಿಸಿಬಿಟ್ಟ.

ಇಲ್ಲಿ ಒಂದು ಮುಜುಗರ ಇದೆ. ಹಡಗಿನ ಕೆಳಗೆ ಸರಪಳಿಯಲ್ಲಿ ಸಾಯುತ್ತಿದ್ದ ಆಫ್ರಿಕನ್ನರಿಗಿಂತ ಮೇಲೆ ಸಾಯುತ್ತಿದ್ದ ಬಿಳಿ ನಾವಿಕರ ಲೆಕ್ಕ ಪಾರ್ಲಿಮೆಂಟಿಗೆ ಬೇಗ ಕೇಳಿಸಿತು. ಇದನ್ನು ಬಳಸಿದ್ದು ಸರಿಯೇ? ಕ್ಲಾರ್ಕ್‌ಸನ್ ಬಳಸಿದ. ಎದುರಿಗಿರುವವನಿಗೆ ಯಾವ ನಾಣ್ಯ ಚಲಾವಣೆಯೋ ಅದನ್ನೇ ಕೊಟ್ಟ. ಹಾಗೆಂದು ತನ್ನ ನಿಜವಾದ ವಾದವನ್ನು ಕೈಬಿಡಲಿಲ್ಲ.

1788ರ ಕೊನೆಗೆ ಪ್ಲಿಮತ್‌ನ ಸ್ಥಳೀಯ ಸಮಿತಿಯವರು ಒಂದು ಚಿತ್ರ ಅಚ್ಚು ಹಾಕಿಸಿದರು. ‘ಬ್ರೂಕ್ಸ್’ ಎಂಬ ಹಡಗಿನ ನಕ್ಷೆ. ಮುಂದಿನ ವರ್ಷ ಲಂಡನ್ನಿನವರು ಅದನ್ನು ತಿದ್ದಿ 7 ಸಾವಿರಕ್ಕೂ ಹೆಚ್ಚು ಪ್ರತಿ ಹಂಚಿದರು. ರಕ್ತ ಇಲ್ಲ, ಕಣ್ಣೀರಿಲ್ಲ. ಮನೆ ಕಟ್ಟುವಾಗ ಮೇಸ್ತ್ರಿ ತೋರಿಸುವ ಪ್ಲಾನ್ ಇರುತ್ತದಲ್ಲ, ಹಾಗೆ. ಅದರೊಳಗೆ ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಜೋಡಿಸಿದ 482 ಮನುಷ್ಯರು. ಆಗ ತಾನೇ ಬಂದ ಕಾನೂನಿನ ಪ್ರಕಾರ ಆ ಹಡಗಿನಲ್ಲಿ 454 ಜನರನ್ನು ಒಯ್ಯಬಹುದಿತ್ತು. ಅದಕ್ಕೆ ಮೊದಲು ಅದೇ ಹಡಗು 609 ಜನರನ್ನು ತುಂಬಿಕೊಂಡು ಹೋಗಿತ್ತು. 609 ಜನರ ಚಿತ್ರವನ್ನೇ ಬರೆಯಬಹುದಿತ್ತು ಅಲ್ವಾ? ಬರೆಯಲಿಲ್ಲ. ಕಾನೂನು ಪಾಲಿಸಿದರೂ ಪರಿಸ್ಥಿತಿ ಸುಮಾರು ಹೀಗೇ ಇರುತ್ತದೆ ಅನ್ನುವುದು ಜಾಸ್ತಿ ಭಯಂಕರ. ಸಂಖ್ಯೆ ಹಿಗ್ಗಿಸಿದ್ದರೆ ಎದುರಾಳಿಗೆ ಒಂದು ಸುಳ್ಳು ಸಿಗುತ್ತಿತ್ತು, ಅದನ್ನು ಹಿಡಿದು ಉಳಿದ ಸತ್ಯವನ್ನೂ ಎಳೆದು ಹಾಕುತ್ತಿದ್ದ. ಯಾವುದೋ ದೇಶದ ಹಳೆಯ ಫೋಟೋವನ್ನು ‘ಇಂದು ಬೆಳಿಗ್ಗೆ ನಡೆದದ್ದು’ ಎಂದು ವಾಟ್ಸಾಪ್‌ನಲ್ಲಿ ತಳ್ಳುವ ಗೆಳೆಯರಿಗೆ ನಾನು ಈ ಹಡಗಿನ ಕಥೆ ಹೇಳುತ್ತಿರುತ್ತೇನೆ. ಕೇಳುವುದಿಲ್ಲ, ಅದು ಬೇರೆ.

ಲೆಕ್ಕ ಆ ಕಡೆಯವರಿಗೂ ಚೆನ್ನಾಗಿ ಬರುತ್ತಿತ್ತು ಅನ್ನುವುದನ್ನು ಮರೆಯಬಾರದು. 1781ರಲ್ಲಿ ‘ಜಾಂಗ್’ ಎಂಬ ಹಡಗಿನವರು ನೀರು ಸಾಲದು ಎಂಬ ನೆಪ ಹೇಳಿ ಸುಮಾರು 130 ಜನರನ್ನು ಜೀವಂತ ಸಮುದ್ರಕ್ಕೆ ಎಸೆದರು. ಕಾಯಿಲೆಯಿಂದ ಸತ್ತರೆ ಮಾಲೀಕನಿಗೆ ನಷ್ಟ. ಹಡಗು ಉಳಿಸಲು ‘ಸರಕು’ ಎಸೆದೆವು ಅಂದರೆ ತಲೆಗೆ 30 ಪೌಂಡ್‌ನಂತೆ ವಿಮೆ. ಕೇಸು ಕೋರ್ಟಿಗೆ ಬಂದದ್ದೂ ಕೊಲೆ ಎಂದಲ್ಲ, ವಿಮೆ ಹಣದ ತಕರಾರು ಎಂದು! ಈ ಸುದ್ದಿಯನ್ನು 1783ರಲ್ಲಿ ಗ್ರ್ಯಾನ್‌ವಿಲ್ ಶಾರ್ಪ್ ಮನೆಗೆ ಹೋಗಿ ಮುಟ್ಟಿಸಿದವನು ಒಲಾಡಾ ಎಕ್ವಿಯಾನೋ.

ಎಕ್ವಿಯಾನೋ ಒಂದು ಕಾಲಕ್ಕೆ ತಾನೇ ಗುಲಾಮ. ಸಣ್ಣಪುಟ್ಟ ವ್ಯಾಪಾರ ಮಾಡಿ ಕೂಡಿಟ್ಟ ದುಡ್ಡಿನಲ್ಲಿ 1766ರಲ್ಲಿ ತನ್ನನ್ನು ತಾನೇ ಬಿಡಿಸಿಕೊಂಡ. 1789ರಲ್ಲಿ ತನ್ನ ಆತ್ಮಕಥೆ ಬರೆದ. ಮೊದಲೇ ಚಂದಾ ಎತ್ತಿ ಅಚ್ಚು ಹಾಕಿಸಿ, ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಸುತ್ತಿ ತಾನೇ ಮಾರಿದ. ಅವನು ಬದುಕಿದ್ದಾಗಲೇ 9 ಮುದ್ರಣ ಕಂಡಿತು. ಅದೇ ಕಾಲದಲ್ಲಿ ಕುಂಬಾರಿಕೆ ಉದ್ಯಮಿ ಜೋಸಾಯಾ ವೆಜ್‌ವುಡ್ ಮಾಡಿಸಿದ ಪದಕ ಒಂದು ಬಹಳ ಜನಪ್ರಿಯವಾಯಿತು. ಸರಪಳಿ ಹಾಕಿದ ಆಫ್ರಿಕನ್ ಮಂಡಿಯೂರಿ, ‘ನಾನೂ ಮನುಷ್ಯ ಅಲ್ಲವೇ, ಸಹೋದರ ಅಲ್ಲವೇ’ ಎಂದು ಕೇಳುತ್ತಿದ್ದಾನೆ. ಹೆಂಗಸರು ಅದನ್ನು ಬಳೆಯಲ್ಲಿ, ತಲೆಪಿನ್ನಿನಲ್ಲಿ ಹಾಕಿಕೊಂಡರು. ಈಗಿನ ಪ್ರೊಫೈಲ್ ಫೋಟೋ ಬದಲಾಯಿಸಿದ ಹಾಗೆ. ಪದಕದಿಂದ ಪ್ರಚಾರವೇನೋ ಆಯಿತು. ಆದರೆ ಅದರಲ್ಲಿರುವವನು ಬೇಡುತ್ತಿದ್ದಾನೆ. ಎಕ್ವಿಯಾನೋ ಬೇಡಲಿಲ್ಲ, ತನ್ನ ಪುಸ್ತಕ ಮಾರಿ, ಲಾಭ ಎಣಿಸಿ, ಸಭೆಯಲ್ಲಿ ಎದ್ದು ನಿಂತು ಮಾತಾಡಿದ.

ಇಷ್ಟೆಲ್ಲ ಆದ ಮೇಲೆ ಗೆಲುವು ಬಂತಾ? ಇಲ್ಲ. 1792ರಲ್ಲಿ 519 ಅರ್ಜಿಗಳು, ಸುಮಾರು 3 ಲಕ್ಷ 90 ಸಾವಿರ ಸಹಿಗಳೊಂದಿಗೆ ಪಾರ್ಲಿಮೆಂಟಿಗೆ ಬಂದವು. ನೇರವಾಗಿ ಇಲ್ಲ ಅನ್ನಲಾಗದೆ ಹೆನ್ರಿ ಡಂಡಾಸ್ ಎಂಬ ಮಂತ್ರಿ ಎದ್ದು ನಿಂತು ಒಂದೇ ಪದ ಸೇರಿಸಿದ: ‘ಕ್ರಮೇಣ’. ವ್ಯಾಪಾರವನ್ನು ಕ್ರಮೇಣ ನಿಲ್ಲಿಸೋಣ. 230ಕ್ಕೆ 85 ಮತಗಳಿಂದ ಪಾಸಾಯಿತು. ಮೇಲ್ಮನೆ ಅದನ್ನೂ ಎಳೆದಾಡಿತು. ‘ಪರಿಶೀಲನೆಯಲ್ಲಿದೆ’ ಎಂಬ ನಮ್ಮ ಕಚೇರಿ ಮಾತು ಕೇಳಿದಾಗಲೆಲ್ಲ ನನಗೆ ಡಂಡಾಸ್ ನೆನಪಾಗುತ್ತಾನೆ.

ಆಮೇಲೆ ಕತ್ತಲೆ. ಫ್ರಾನ್ಸ್‌ನಲ್ಲಿ ಕ್ರಾಂತಿ, ಹೈಟಿಯಲ್ಲಿ ಗುಲಾಮರ ದಂಗೆ, 1793ರಿಂದ ಫ್ರಾನ್ಸ್ ಜೊತೆ ಯುದ್ಧ. ಅರ್ಜಿಗೆ ಸಹಿ ಹಾಕುವವನೇ ದೇಶದ್ರೋಹಿ ಅನ್ನಿಸುವ ವಾತಾವರಣ. ಕ್ಲಾರ್ಕ್‌ಸನ್ ಆರೋಗ್ಯ ಕೆಟ್ಟು 1794ರಲ್ಲಿ ಹಳ್ಳಿ ಸೇರಿದ. ಸಮಿತಿಯ ಸಭೆಗಳೇ ನಿಂತವು. ಸುಮಾರು 10 ವರ್ಷ ಚಳವಳಿ ಸತ್ತೇಹೋಯಿತು ಅಂದುಕೊಳ್ಳಬಹುದಿತ್ತು. ವಿಲ್ಬರ್‌ಫೋರ್ಸ್‌ಗೆ ಸಲ್ಲಬೇಕಾದ ಗೌರವ ಇಲ್ಲಿದೆ: ಸೋಲುತ್ತೇನೆಂದು ಗೊತ್ತಿದ್ದೂ ಮತ್ತೆ ಮತ್ತೆ ಮಸೂದೆ ತಂದ.

ಬಾಗಿಲು ತೆರೆದದ್ದು ಜೇಮ್ಸ್ ಸ್ಟೀಫನ್ ಎಂಬ ವಕೀಲನ ಉಪಾಯ. 1806ರಲ್ಲಿ ಒಂದು ಮಸೂದೆ ಬಂತು. ಯುದ್ಧ ನಡೆಯುತ್ತಿರುವಾಗ ಬ್ರಿಟಿಷರು ಶತ್ರುಗಳ, ಪರದೇಶಿಯರ ವಸಾಹತುಗಳಿಗೆ ಗುಲಾಮರನ್ನು ಒಯ್ಯಬಾರದು, ಅಷ್ಟೇ. ಕೇಳಿದರೆ ದೇಶಭಕ್ತಿಯ ಮಾತು. ವಿಲ್ಬರ್‌ಫೋರ್ಸ್ ಬೇಕೆಂದೇ ಬಾಯಿ ಮುಚ್ಚಿ ಕೂತ. ಎದುರಾಳಿಗಳಿಗೆ ವಾಸನೆ ಹತ್ತುವಷ್ಟರಲ್ಲಿ ಕಾನೂನು ಪಾಸಾಗಿ, ವ್ಯಾಪಾರದ ದೊಡ್ಡ ಪಾಲಿಗೇ ಕತ್ತರಿ ಬಿದ್ದಿತ್ತು. ಮುಂದಿನ ವರ್ಷ, 1807ರ ಫೆಬ್ರವರಿಯಲ್ಲಿ, 283ಕ್ಕೆ 16 ಮತಗಳಿಂದ ಪೂರ್ತಿ ನಿಷೇಧ. ಇದು ಮೋಸವಾ, ಜಾಣತನವಾ ಎಂದು ಜಗಳ ಆಡಬಹುದು. ನನಗೆ ಕಾಣುವುದು ಇಷ್ಟು: 20 ವರ್ಷದ ಕರಪತ್ರ, ಸಹಿ, ಸಭೆ ಇಲ್ಲದಿದ್ದರೆ ಸ್ಟೀಫನ್ನನ ಉಪಾಯಕ್ಕೆ ಕಾಲೂರಲು ನೆಲವೇ ಇರುತ್ತಿರಲಿಲ್ಲ.

ಎರಡನೇ ಸುತ್ತಿನ ಕಥೆ ನನಗೆ ಇನ್ನೂ ಇಷ್ಟ. 1823ರಲ್ಲಿ ದೊಡ್ಡವರೆಲ್ಲ ಸೇರಿ ಹೊಸ ಸಂಘ ಕಟ್ಟಿದರು, ಈ ಸಲ ಗುಲಾಮಗಿರಿಯನ್ನೇ ತೆಗೆಯುವುದಕ್ಕೆ. ಆದರೆ ಸಂಘದ ಹೆಸರಿನಲ್ಲೇ ‘ಕ್ರಮೇಣ’ ಸೇರಿಕೊಂಡಿತ್ತು! ಡಂಡಾಸ್‌ನ ಪದ ಈಗ ಹೋರಾಟಗಾರರ ಬಾಯಿಗೇ ಬಂದಿತ್ತು. ಮುಂದಿನ ವರ್ಷ ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್ ಎಂಬಾಕೆ ಹೆಸರು ಹಾಕದೆ ಒಂದು ಕರಪತ್ರ ಬರೆದಳು. ಕ್ರಮೇಣ ಬೇಡ, ಈಗಲೇ ಬೇಕು ಅನ್ನುವುದು ಅದರ ಸಾರ. ಬರೆದು ಸುಮ್ನೆ ಕೂರಲಿಲ್ಲ. ಊರಿನ ಕಿರಾಣಿ ಅಂಗಡಿಗಳಿಗೆ ಹೋಗಿ ವೆಸ್ಟ್ ಇಂಡೀಸ್ ಸಕ್ಕರೆ ಇಡಬೇಡಿ ಅಂದಳು. ಮನೆ ಮನೆ ಬಾಗಿಲು ತಟ್ಟಿದಳು. ಹೆಂಗಸರು ಹೀಗೆ ಬೀದಿಗಿಳಿಯುವುದು ವಿಲ್ಬರ್‌ಫೋರ್ಸ್‌ಗೆ ಸ್ವಲ್ಪವೂ ಹಿಡಿಸಲಿಲ್ಲ. ಆದರೂ 70ಕ್ಕೂ ಹೆಚ್ಚು ಮಹಿಳಾ ಸಂಘಗಳು ಹುಟ್ಟಿದವು. ವಂತಿಗೆ ಎತ್ತುವುದರಲ್ಲಿ ಗಂಡಸರ ಸಂಘಗಳಿಗಿಂತ ಗಟ್ಟಿ.

1830ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಹಿಳಾ ಸಂಘ ಲಂಡನ್ನಿನ ಮುಖಂಡರಿಗೆ ಒಂದು ಮಾತು ಹೇಳಿ ಕಳಿಸಿತು. ಹೆಸರಿನಿಂದ ‘ಕ್ರಮೇಣ’ ತೆಗೆಯಿರಿ, ಇಲ್ಲದಿದ್ದರೆ ನಾವು ವರ್ಷಕ್ಕೆ ಕೊಡುವ 50 ಪೌಂಡ್ ಬರುವುದಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಪದ ಹೋಯಿತು. 6 ವರ್ಷದ ವಾದದಿಂದ ಆಗದ್ದನ್ನು ಖರ್ಚುವೆಚ್ಚದ ಪುಸ್ತಕದ ಒಂದು ಸಾಲು ಮಾಡಿತು. ಸರಕಾರದ ಮೇಲೆ ಒತ್ತಡ ಹಾಕುವುದನ್ನು ಎಲ್ಲ ಚಳವಳಿಗಳೂ ಕಲಿಯುತ್ತವೆ. ತನ್ನದೇ ಮುಖಂಡರ ಮೇಲೆ ಒತ್ತಡ ಹಾಕುವುದನ್ನು ಕಲಿಸಿದವರು ಈ ಹೆಂಗಸರು. ಚಂದಾ ಕೊಡುವವರು, ಚಹಾ ಮಾಡುವವರು, ಕುರ್ಚಿ ಜೋಡಿಸುವವರು ಕೈ ಎತ್ತಿ ಕೂತರೆ ಏನಾಗುತ್ತದೆ ಎಂದು ಯಾವ ಸಂಘಟನೆಯೂ ತಿಳಿದಿಟ್ಟುಕೊಳ್ಳುವುದು ಒಳ್ಳೆಯದು.

ಇಷ್ಟರ ಮಧ್ಯೆ ಗುಲಾಮರು ಲಂಡನ್ನಿನ ಕಡೆ ಮುಖ ಮಾಡಿ ಕಾಯುತ್ತಾ ಕೂತಿರಲಿಲ್ಲ. 1831ರ ಕ್ರಿಸ್‌ಮಸ್ ಹೊತ್ತಿಗೆ ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಎಂಬ ಗುಲಾಮ ಬೋಧಕ ಮುಷ್ಕರಕ್ಕೆ ಕರೆ ಕೊಟ್ಟ. ಕೂಲಿ ಕೊಡದಿದ್ದರೆ ಹಬ್ಬ ಮುಗಿದ ಮೇಲೆ ಕೆಲಸಕ್ಕೆ ಬರುವುದಿಲ್ಲ ಎಂದು. ಅದು ದಂಗೆಯಾಗಿ ಬೆಳೆದು ಸುಮಾರು 60 ಸಾವಿರ ಜನ ಸೇರಿದರು. ಕ್ರೂರವಾಗಿ ಅದನ್ನು ತುಳಿಯಲಾಯಿತು. 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನು ನೇಣಿಗೆ ಹಾಕಿದರು. ಆದರೆ ಗುಲಾಮಗಿರಿ ಉಳಿಸಿಕೊಳ್ಳುವ ಖರ್ಚು ಎಷ್ಟೆಂದು ಲಂಡನ್ನಿಗೆ ಅರ್ಥವಾಗಿತ್ತು. 1833ರಲ್ಲಿ 5 ಸಾವಿರಕ್ಕೂ ಹೆಚ್ಚು ಅರ್ಜಿಗಳು ಬಂದವು. ಹೆಂಗಸರದೇ ಒಂದು ಅರ್ಜಿಯಲ್ಲಿ 1 ಲಕ್ಷ 87 ಸಾವಿರ ಸಹಿ; ಅದನ್ನು ಎತ್ತಿ ಒಳಗೆ ತರಲು ನಾಲ್ವರು ಸದಸ್ಯರು ಬೇಕಾದರು. ಇವತ್ತಿನ ಆನ್‌ಲೈನ್ ಅರ್ಜಿಗೆ ಅಷ್ಟೇ ಸಹಿ ಒಂದು ಸಂಜೆಯಲ್ಲಿ ಬಂದೀತು. ಆದರೆ ಅಂದಿನ ಒಂದೊಂದು ಸಹಿಯ ಹಿಂದೆ ಒಬ್ಬಳು ಬಾಗಿಲು ತಟ್ಟಿದ್ದಳು, ಜಗುಲಿಯಲ್ಲಿ ನಿಂತು ವಾದ ಮಾಡಿದ್ದಳು, ಮುಂದಿನ ಸಭೆಗೆ ಬನ್ನಿ ಎಂದು ಕರೆದಿದ್ದಳು. ಪಾರ್ಲಿಮೆಂಟ್ ಹೆದರಿದ್ದು ಕಾಗದಕ್ಕಲ್ಲ, ಬಾಗಿಲು ತಟ್ಟುವ ಆ ಜಾಲಕ್ಕೆ.

ಕಾನೂನು ಬಂತು. 1834ರ ಆಗಸ್ಟ್ 1ರಿಂದ ಜಾರಿ. ಸುಮಾರು 8 ಲಕ್ಷ ಜನ ಹೆಸರಿಗೆ ಬಿಡುಗಡೆಯಾದರು. ಎಡವಿದ ಲೆಕ್ಕ ಅಂದೆನಲ್ಲ, ಅದು ಇಲ್ಲಿದೆ. 2 ಕೋಟಿ ಪೌಂಡ್ ಪರಿಹಾರ ಕೊಟ್ಟರು. ಯಾರಿಗೆ? ಮಾಲೀಕರಿಗೆ. ಆಗಿನ ಸರಕಾರದ ವರ್ಷದ ಖರ್ಚಿನ ಸುಮಾರು 40 ಶೇಕಡಾ ಅದು. ಅದಕ್ಕೆಂದು ಮಾಡಿದ ಸಾಲದ ಕೊನೆಯ ಬಾಕಿ ತೀರಿದ್ದು 2015ರಲ್ಲಿ. ಗುಲಾಮರಿಗೆ ಒಂದು ಕಾಸೂ ಇಲ್ಲ. ಅಷ್ಟೇ ಅಲ್ಲ, ‘ಕೆಲಸ ಕಲಿಯುವವರು’ ಎಂಬ ಹೊಸ ಹೆಸರಿನಲ್ಲಿ ಅದೇ ಮಾಲೀಕನ ಬಳಿ ಇನ್ನೂ ಕೆಲವು ವರ್ಷ ಬಿಟ್ಟಿ ದುಡಿಯಬೇಕಿತ್ತು. ಜೋಸೆಫ್ ಸ್ಟರ್ಜ್‌ನಂಥ ಹೋರಾಟಗಾರರು ವೆಸ್ಟ್ ಇಂಡೀಸಿಗೇ ಹೋಗಿ ಕಂಡದ್ದನ್ನು ಬರೆದು, ಮತ್ತೆ ಗಲಾಟೆ ಎಬ್ಬಿಸಿ, 1838ರ ಆಗಸ್ಟ್ 1ಕ್ಕೆ ಅದನ್ನು ಮುಗಿಸಿದರು. ಉಳಿದ ಎಷ್ಟೋ ಮಂದಿ 1834ರಲ್ಲೇ ಗೆದ್ದೆವೆಂದು ಮನೆಗೆ ಹೋಗಿದ್ದರು.

ಆ ಕಾನೂನಿನಲ್ಲಿ ಇನ್ನೊಂದು ಸಾಲು ಇತ್ತು: ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳಿಗೆ ಇದು ಅನ್ವಯಿಸುವುದಿಲ್ಲ. ಅಂದರೆ ನಾವು. ಸಕ್ಕರೆ ಬಹಿಷ್ಕಾರದ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ‘ಇದು ಗುಲಾಮರು ಮಾಡದ ಈಸ್ಟ್ ಇಂಡಿಯಾ ಸಕ್ಕರೆ’ ಎಂದು ಬರೆದ ಬಟ್ಟಲುಗಳು ಬಂದಿದ್ದವು. ಆದರೆ ಕಂಪನಿಯ ಇಂಡಿಯಾದಲ್ಲಿ ಗುಲಾಮರು ಇರಲಿಲ್ಲವೇ? 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಕರಾವಳಿಯ ಗದ್ದೆಗಳಲ್ಲಿ ದುಡಿಯುತ್ತಿದ್ದ ಆಳುಗಳನ್ನು ಮಾರುತ್ತಿದ್ದ ಬೆಲೆಯನ್ನೂ ಬರೆದಿಟ್ಟಿದ್ದಾನೆ. ಇಲ್ಲಿ ಕಾನೂನು ಗುಲಾಮಗಿರಿಯನ್ನು ಮಾನ್ಯ ಮಾಡುವುದು ನಿಂತದ್ದು 1843ರಲ್ಲಿ. ಜೀತ ಎಂಬ ಹೆಸರಿನಲ್ಲಿ ಉಳಿದದ್ದನ್ನು ತೆಗೆಯಲು 1976ರ ಕಾಯ್ದೆ ಬರಬೇಕಾಯಿತು.

ಮಾಲೀಕರಿಗೆ ಹೋದ ಆ 2 ಕೋಟಿಯಲ್ಲಿ ದೊಡ್ಡ ಪಾಲು ಪಡೆದವರಲ್ಲಿ ಜಾನ್ ಗ್ಲ್ಯಾಡ್‌ಸ್ಟನ್ ಒಬ್ಬ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್‌ನ ತಂದೆ. ಅವನಿಗೆ 1 ಲಕ್ಷ ಪೌಂಡ್‌ಗೂ ಹೆಚ್ಚು ಸಿಕ್ಕಿತು. ಬಿಡುಗಡೆಯಾದವರು ಇನ್ನು ತೋಟದಲ್ಲಿ ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. 1836ರಲ್ಲೇ ಕೋಲ್ಕತ್ತದ ಒಂದು ಕಂಪನಿಗೆ ಪತ್ರ ಬರೆದು ಕೂಲಿಗಳನ್ನು ಕಳಿಸಿ ಅಂದ. 1838ರ ಮೇ 5ರಂದು, ವೆಸ್ಟ್ ಇಂಡೀಸಿನಲ್ಲಿ ಪೂರ್ತಿ ಬಿಡುಗಡೆಯ ಹಬ್ಬಕ್ಕೆ ಮೂರು ತಿಂಗಳು ಮೊದಲು, ವಿಟ್ಬಿ ಮತ್ತು ಹೆಸ್ಪರಸ್ ಎಂಬ ಎರಡು ಹಡಗುಗಳು ಸುಮಾರು 400 ಭಾರತೀಯರನ್ನು ಇಂದಿನ ಗಯಾನಾದಲ್ಲಿ ಇಳಿಸಿದವು. ಕೈಯಲ್ಲಿ 5 ವರ್ಷದ ಅಗ್ರಿಮೆಂಟ್. ಜನರ ಬಾಯಲ್ಲಿ ಆ ಪದ ಗಿರ್ಮಿಟ್ ಆಯಿತು (ಹುಬ್ಬಳ್ಳಿಯ ಮಂಡಕ್ಕಿ ಗಿರ್ಮಿಟ್ ಬೇರೆ). ಚಳವಳಿಯ ಹಳಬರಲ್ಲಿ ಕೆಲವರು ಮತ್ತೆ ಹೊರಟರು. ತೋಟಗಳಿಗೆ ಹೋಗಿ ಎಷ್ಟು ಜನ ಬಂದರು, ಎಷ್ಟು ಜನ ಸತ್ತರು, ಯಾರಿಗೆ ಏಟು ಬಿತ್ತು ಎಂದು ಮತ್ತೆ ಪಟ್ಟಿ ಮಾಡಿದರು. 1839ರಲ್ಲಿ ಇಂಡಿಯಾದಿಂದ ಕೂಲಿಗಳನ್ನು ಸಾಗಿಸುವುದಕ್ಕೆ ತಡೆ ಬಿತ್ತು. ತೋಟದ ಮಾಲೀಕರು ಸುಮ್ಮನಿರಲಿಲ್ಲ. 1845ಕ್ಕೆ ಗಯಾನಾಕ್ಕೂ ಟ್ರಿನಿಡಾಡಿಗೂ ಹಡಗುಗಳು ಮತ್ತೆ ಹೊರಟವು. ಅವು ನಿಂತದ್ದು 1917ರಲ್ಲಿ.